ಒಂದು ಊರಿನ ಬ್ಯಾಂಕು 3 ಲಕ್ಷ ಕೋಟಿ ಯುವಾನ್ ದಾಟಿದ್ದು ಹೇಗೆ?

[ಸ್ಕ್ರೀನ್ ಮೇಲೆ: 0.76%]

ನಮಸ್ಕಾರ. ಈ ನಂಬರ್ ಸ್ವಲ್ಪ ನೋಡಿ. ಚೀನಾದ ಬ್ಯಾಂಕ್ ಆಫ್ ನಿಂಗ್‌ಬೊ ಕೊಟ್ಟ ಸಾಲದಲ್ಲಿ 2024ರ ಕೊನೆಗೆ ಕೆಟ್ಟ ಸಾಲ ಅಂತ ಬರೆದಿಟ್ಟಿದ್ದು ಇಷ್ಟೇ. ಆ ದೇಶದ ವಾಣಿಜ್ಯ ಬ್ಯಾಂಕುಗಳ ಒಟ್ಟು ಲೆಕ್ಕ ತೆಗೆದರೆ ಇದರ ಎರಡರಷ್ಟು, ಸುಮಾರು 1.5%. ಇದೇನು ಬೀಜಿಂಗ್‌ನ ದೊಡ್ಡ ಸರ್ಕಾರಿ ಬ್ಯಾಂಕಲ್ಲ. ಹುಟ್ಟಿದ್ದು ಒಂದು ಊರಿನ ಮಟ್ಟಿಗೆ. ಈ ಜಾತಿಯ ಬ್ಯಾಂಕು ಚೀನಾದಲ್ಲಿ ನೂರಕ್ಕೂ ಜಾಸ್ತಿ ಇವೆ, ಅದರಲ್ಲಿ ಒಂದು ದಿವಾಳಿಯೂ ಆಗಿದೆ. ಹಾಗಾದರೆ ನಿಂಗ್‌ಬೊ ಹೇಗೆ ಬಚಾವಾಯಿತು?

ಹಿನ್ನೆಲೆ ಬೇಗ ಮುಗಿಸುತ್ತೇನೆ. 1980ರ ದಶಕದಲ್ಲಿ ಚೀನಾದ ನಗರಗಳಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂತ ಸಾಲದ ಸಹಕಾರ ಸಂಘಗಳು ಹುಟ್ಟಿಕೊಂಡವು. ಬೇಕಾಬಿಟ್ಟಿ ಬೆಳೆದವು, ಸಾಲಗಳೂ ಬೇಕಾಬಿಟ್ಟಿ ಹೋದವು. 1995ರಲ್ಲಿ ಸರ್ಕಾರ, ಒಂದೊಂದು ಊರಿನ ಸಂಘಗಳನ್ನೆಲ್ಲ ಸೇರಿಸಿ ಒಂದೊಂದು ಬ್ಯಾಂಕು ಮಾಡಿ ಅಂದಿತು. ಶೆನ್‌ಜೆನ್ ಮೊದಲು ಮಾಡಿತು. ನಿಂಗ್‌ಬೊ ಸರದಿ ಬಂದಿದ್ದು 1997ರ ಏಪ್ರಿಲ್‌ನಲ್ಲಿ.

[ನಕ್ಷೆ: ಶಾಂಘೈ, ಅದರ ದಕ್ಷಿಣಕ್ಕೆ ಕೊಲ್ಲಿ, ಆಚೆ ದಡದಲ್ಲಿ ನಿಂಗ್‌ಬೊ]

ಈಗ ನನಗೆ ಇಷ್ಟವಾದ ಭಾಗ. ಎಡಿಟರ್ ಕತ್ತರಿ ಹಿಡಿದುಕೊಂಡು ಕೂತಿದ್ದಾರೆ, ಆದರೂ ಇದನ್ನು ಬಿಡೋದಿಲ್ಲ.

ನಿಂಗ್‌ಬೊ ಹಳೇ ಬಂದರು. 19ನೇ ಶತಮಾನದಲ್ಲಿ ಇಲ್ಲಿ ಛಿಯೆನ್‌ಜ್ವಾಂಗ್ ಅನ್ನುವ ಖಾಸಗಿ ಲೇವಾದೇವಿ ಮನೆಗಳಿದ್ದವು. ಅವು ನಡೆಸುತ್ತಿದ್ದ ಪದ್ಧತಿಗೆ ಗುವೊಜಾಂಗ್ ಅಂತ ಹೆಸರು. ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ತಿಂಗಳ ಲೆಕ್ಕದ ಪುಸ್ತಕ ಇರುತ್ತದಲ್ವಾ? ಇಡೀ ಊರೇ ಅಂಥ ಪುಸ್ತಕದ ಮೇಲೆ ನಡೆದರೆ ಹೇಗಿರುತ್ತದೆ, ಹಾಗೆ.

ಒಬ್ಬ ಮೀನಿನ ವ್ಯಾಪಾರಿ ಇದ್ದಾನೆ ಅಂದುಕೊಳ್ಳಿ. ಹತ್ತಿ ವ್ಯಾಪಾರಿಗೆ ನೂರು ಬೆಳ್ಳಿ ನಾಣ್ಯ ಕೊಡಬೇಕು. ಚೀಲ ಹೊತ್ತುಕೊಂಡು ಹೋಗುವುದಿಲ್ಲ. ತನ್ನ ಲೇವಾದೇವಿ ಮನೆ ಕೊಟ್ಟ ಪುಸ್ತಕದಲ್ಲಿ ಬರೆಯುತ್ತಾನೆ: ಇಂಥ ಮನೆಯಲ್ಲಿರುವ ಇಂಥವನ ಖಾತೆಗೆ ನೂರು. ಪುಸ್ತಕವನ್ನು ಮನೆಗೆ ಕಳಿಸುತ್ತಾನೆ. ಅವತ್ತೇ ಇನ್ನೊಬ್ಬ ಯಾರೋ ಆ ಕಡೆಯಿಂದ ಈ ಮನೆಗೆ ಎಂಬತ್ತು ಬರೆದಿರುತ್ತಾನೆ. ಗುಮಾಸ್ತರು ಎರಡನ್ನೂ ಹೊಂದಿಸುತ್ತಾರೆ. ಕೊನೆಗೆ ಉಳಿಯುವುದು ಇಪ್ಪತ್ತು. ಅದೂ ಮನೆ ಮನೆಗಳ ನಡುವಿನ ಬಾಕಿ. ವ್ಯಾಪಾರಿಗಳ ಕೈಯಲ್ಲಿ ಬೆಳ್ಳಿ ಆಡಲೇ ಇಲ್ಲ, ಆದರೆ ವ್ಯಾಪಾರ ಮುಗಿಯಿತು!

ಇದು ನಡೆಯಬೇಕಾದರೆ ಏನು ಬೇಕು? ಪುಸ್ತಕದಲ್ಲಿ ಬರೆದವನ ಯೋಗ್ಯತೆ ಎಷ್ಟು, ಅವನ ಸರಕು ಎಲ್ಲಿದೆ, ಹಡಗು ಯಾವಾಗ ಬರುತ್ತದೆ, ಇದೆಲ್ಲ ಲೇವಾದೇವಿ ಮನೆಯವನಿಗೆ ಬಾಯಿಪಾಠ ಇರಬೇಕು. ಈ ವ್ಯಾಪಾರದವರು 1926ರಲ್ಲಿ ಕಟ್ಟಿ ಮುಗಿಸಿದ ಸಂಘದ ಕಟ್ಟಡ ನಿಂಗ್‌ಬೊದಲ್ಲಿ ಇವತ್ತಿಗೂ ಇದೆ.

[ಫೋಟೊ: ಲೇವಾದೇವಿ ಸಂಘದ ಕಟ್ಟಡ]

ಒಂದು ಮಾತು. ಆ ಮನೆಗಳೇ ಬೆಳೆದು ಈ ಬ್ಯಾಂಕಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1949ರ ನಂತರ ಖಾಸಗಿ ಲೇವಾದೇವಿಯನ್ನು ಸರ್ಕಾರ ನುಂಗಿಹಾಕಿತು, ಕೊಂಡಿ ಅಲ್ಲಿಗೇ ಕಡಿಯಿತು. ಊರಿನ ವ್ಯಾಪಾರದ ಚಾಳಿ ಮಾತ್ರ ಹೋಗಲಿಲ್ಲ. 1980ರ ನಂತರ ಅಲ್ಲಿ ಖಾಸಗಿ ಕಾರ್ಖಾನೆಗಳು ಎದ್ದವು: ಬಟ್ಟೆ, ಪ್ಲಾಸ್ಟಿಕ್ ಅಚ್ಚು, ಮನೆಬಳಕೆ ಯಂತ್ರ. ಹೆಚ್ಚಿನವು ಸಣ್ಣವು, ರಫ್ತು ಮಾಡುವಂಥವು. ದೊಡ್ಡ ಸರ್ಕಾರಿ ಬ್ಯಾಂಕುಗಳು ದೊಡ್ಡ ಸರ್ಕಾರಿ ಕಂಪನಿಗಳ ಹಿಂದೆ ಬಿದ್ದಿದ್ದಾಗ ನಿಂಗ್‌ಬೊ ಬ್ಯಾಂಕು ಇವರನ್ನು ಹಿಡಿಯಿತು. ಜೊತೆಗೆ ಮೇಷ್ಟ್ರು, ಡಾಕ್ಟರು, ಸರ್ಕಾರಿ ನೌಕರರಂಥ ತಿಂಗಳ ಸಂಬಳದವರಿಗೆ ಅಡಮಾನವಿಲ್ಲದೆ ಸಾಲ. ಸಂಬಳ ತಪ್ಪದೆ ಬರುತ್ತದೆ, ಕಂತೂ ಬರುತ್ತದೆ. ಇದರಲ್ಲಿ ಮ್ಯಾಜಿಕ್ ಏನೂ ಇಲ್ಲ.

ಟೈಮ್ ಓಡುತ್ತಿದೆ, ಉಳಿದದ್ದು ಒಂದೇ ಉಸಿರಿಗೆ. 2006ರಲ್ಲಿ ಸಿಂಗಾಪುರದ ಒಸಿಬಿಸಿ ಬ್ಯಾಂಕು 12.2% ಪಾಲು ಕೊಂಡಿತು, ಆಮೇಲೆ ಅದು 20% ಮುಟ್ಟಿತು. 2007ರ ಜುಲೈ 19ರಂದು ಶೆನ್‌ಜೆನ್ ಷೇರುಪೇಟೆಗೆ ಬಂತು. ಅದೇ ದಿನ ಶಾಂಘೈ ಪೇಟೆಗೆ ಬ್ಯಾಂಕ್ ಆಫ್ ನಾನ್‌ಜಿಂಗ್ ಬಂತು. ಷೇರುಪೇಟೆ ಹತ್ತಿದ ಮೊದಲ ನಗರ ಬ್ಯಾಂಕುಗಳು ಇವೇ. ಶಾಂಘೈ, ಹಾಂಗ್‌ಜೋ, ನಾನ್‌ಜಿಂಗ್, ಬೀಜಿಂಗ್‌ಗಳಲ್ಲಿ ಶಾಖೆ ತೆರೆಯಿತು. 2021ರಲ್ಲಿ, ಮುಳುಗಿದರೆ ದೇಶಕ್ಕೇ ಪೆಟ್ಟು ಅನ್ನುವಂಥ ಬ್ಯಾಂಕುಗಳ ಸರ್ಕಾರಿ ಪಟ್ಟಿಯಲ್ಲೂ ಹೆಸರು ಬಂತು. 2024ರಲ್ಲಿ ಆಸ್ತಿ 3 ಲಕ್ಷ ಕೋಟಿ ಯುವಾನ್ ದಾಟಿತು.

[ಸ್ಕ್ರೀನ್ ಮೇಲೆ: ಬಾವೊಷಾಂಗ್ ಬ್ಯಾಂಕ್, 2019 ಮೇ 24]

ದಿವಾಳಿಯಾದ ಬ್ಯಾಂಕು ಯಾವುದು ಅಂತ ಕಾಯುತ್ತಿದ್ದಿರಿ ಅಲ್ವಾ? ಇನ್ನರ್ ಮಂಗೋಲಿಯಾದ ಬಾವೊಟೊ ಊರಿನ ಬಾವೊಷಾಂಗ್ ಬ್ಯಾಂಕ್. ಅದರ 89% ಷೇರು ಒಂದೇ ಗುಂಪಿನ ಕೈಯಲ್ಲಿತ್ತು, ಉದ್ಯಮಿ ಶಿಯಾವೊ ಜಿಯಾನ್‌ಹುವಾ ಅವರ ಟುಮಾರೊ ಹೋಲ್ಡಿಂಗ್ಸ್. ಆ ಗುಂಪು ತನ್ನದೇ ಬ್ಯಾಂಕಿನಿಂದ 15,600 ಕೋಟಿ ಯುವಾನ್ ಎತ್ತಿತು, ಅದೂ ಹೆಸರಿಗಷ್ಟೇ ಇದ್ದ ಕಂಪನಿಗಳ ಮೂಲಕ. ವಾಪಸ್ ಬರಲಿಲ್ಲ. ಸರ್ಕಾರ 2019ರಲ್ಲಿ ಬ್ಯಾಂಕನ್ನು ವಶಕ್ಕೆ ತೆಗೆದುಕೊಂಡಿತು, 2021ರಲ್ಲಿ ಕೋರ್ಟ್ ದಿವಾಳಿ ಅಂತ ಘೋಷಿಸಿತು.

ನಿಂಗ್‌ಬೊದಲ್ಲಿ ಷೇರು ನಗರ ಸರ್ಕಾರದ ಕಂಪನಿ, ಒಸಿಬಿಸಿ, ಯಂಗೋರ್ ಅನ್ನುವ ಬಟ್ಟೆ ಕಂಪನಿ ಹೀಗೆ ಹಂಚಿಹೋಗಿದೆ. ಒಬ್ಬ ಗಲ್ಲಾಪೆಟ್ಟಿಗೆಗೆ ಕೈಹಾಕಿದರೆ ಇನ್ನೊಬ್ಬ ಕೇಳುತ್ತಾನೆ. ನನ್ನ ಲೆಕ್ಕದಲ್ಲಿ ಅರ್ಧ ಉತ್ತರ ಸಾಲಗಾರರನ್ನು ಆರಿಸಿದ್ದರಲ್ಲಿದೆ, ಇನ್ನರ್ಧ ಇಲ್ಲಿದೆ.

ಈಗ ಆ 0.76%ರ ಒಳಗೆ ಇಣುಕಿದರೆ ಸಂಬಳದವರಿಗೆ ಕೊಟ್ಟ ಸಾಲದಂಥ ವೈಯಕ್ತಿಕ ಸಾಲಗಳಲ್ಲಿ ಕೆಟ್ಟಿದ್ದರ ಪಾಲು ಈಚೆಗೆ ಏರುತ್ತಿದೆ. ಮುಂದಿನ ವಾರ್ಷಿಕ ವರದಿ ಬಂದಾಗ ನಾನು ಮೊದಲು ತೆರೆಯುವುದು ಆ ಪುಟವನ್ನೇ.