ಮಗು ನುಂಗಿದರೆ ತಾನೇ ಅದು ಔಷಧಿ?

ಎಲ್ಲರಿಗೂ ನಮಸ್ಕಾರ. ಫಾರ್ಮಸಿಸ್ಟರ ದಿನಕ್ಕೆ ಮಕ್ಕಳ ಡಾಕ್ಟರನ್ನು ಯಾಕೆ ಕರೆದರು ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳುತ್ತಿದ್ದರು, ನನ್ನ ಕಿವಿಗೂ ಬಿತ್ತು. ನಾನೇ ಕೇಳಿಕೊಂಡು ಬಂದಿದ್ದೇನೆ. ನಾನು ಬರೆದ ಚೀಟಿಗೂ ಮಗುವಿನ ಬಾಯಿಗೂ ನಡುವೆ ಕೊನೆಗೆ ನಿಲ್ಲುವವರು ನೀವು ತಾನೇ? ಮಗು ಅಳುತ್ತಿದೆ ಎಂದು ನನ್ನ ಮಾತು ಅರ್ಧಂಬರ್ಧ ಕೇಳಿಸಿಕೊಂಡು ಎದ್ದು ಹೋದ ತಾಯಿ, ನಿಮ್ಮ ಕೌಂಟರಿನ ಮುಂದೆ ಚಿಲ್ಲರೆಗಾಗಿಯಾದರೂ ಎರಡು ನಿಮಿಷ ನಿಂತೇ ನಿಲ್ಲುತ್ತಾಳೆ. ಆ ಎರಡು ನಿಮಿಷ ನನಗೆ ಬೇಕು.

ಮಗು ನುಂಗಿದರೆ ಮಾತ್ರ ಅದು ಔಷಧಿ. ಉಗುಳಿದರೆ ಅಂಗಿಯ ಮೇಲಿನ ಕಲೆ. ನಾವು ತೂಕ ನೋಡಿ ಮಿಲಿಗ್ರಾಂ ಲೆಕ್ಕ ಹಾಕುತ್ತೇವೆ, ನೀವು ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡುತ್ತೀರಿ. ರುಚಿ ಹೇಗಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮದ್ದು ಅಂದಮೇಲೆ ಕಹಿ ಇರಲೇಬೇಕು ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ದೊಡ್ಡವರಾದರೆ ಮುಖ ಹಿಂಡಿಕೊಂಡು ನುಂಗುತ್ತೇವೆ. ಮೂರು ವರ್ಷದ ಮಗುವಿಗೆ ಆ ಮಾತು ಹೇಳಿ ಒಪ್ಪಿಸುವವರು ಯಾರು? ಮಗು ಹಟ ಮಾಡುತ್ತಿದೆ ಅಂತ ಬೈಯಬೇಡಿ. ಮನುಷ್ಯನ ಬಾಯಲ್ಲಿ ಕಹಿ ಗುರುತಿಸುವ ಗ್ರಾಹಕಗಳೇ ಸುಮಾರು 25 ಬಗೆಯವು ಇವೆ. ಗಿಡಗಳ ವಿಷ ಸಾಮಾನ್ಯವಾಗಿ ಕಹಿ, ಅದನ್ನು ಉಗುಳು ಎಂದು ದೇಹವೇ ಹೇಳುತ್ತದೆ. ಮಗು ದೇಹದ ಮಾತು ಕೇಳುತ್ತಿದೆ, ಅಷ್ಟೇ.

ಒಂದು ಪ್ರಸಂಗ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ. ಮೂರು ವರ್ಷದ ಹುಡುಗ, ಉಬ್ಬಸ. ಬೇರೊಬ್ಬ ಡಾಕ್ಟರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆದಿದ್ದರು, ಡೋಸೂ ಸರಿಯಾಗೇ ಇತ್ತು. ಆದರೂ ಎದೆ ಗೊರಗೊರ ಅನ್ನುವುದು ನಿಂತಿರಲಿಲ್ಲ. ಔಷಧಿ ಕೊಟ್ಟಿರಾ ಎಂದರೆ ತಾಯಿ, "ಕೊಟ್ಟೆ ಮೇಡಂ, ಒಂದ್ಸಲನೂ ತಪ್ಪಿಸಿಲ್ಲ" ಅಂದಳು. ಪಕ್ಕದಲ್ಲಿದ್ದ ಅಜ್ಜಿ ತಡೆಯಲಾರದೆ ಬಾಯಿ ಬಿಟ್ಟರು. "ನಾವೇನೋ ಕೊಟ್ವಿ ಡಾಕ್ಟ್ರಮ್ಮ, ಅವ್ನು ನುಂಗ್ಬೇಕಲ್ಲ!" ಹೇಗೆ ಕೊಡ್ತೀರಿ, ತೋರಿಸಿ ಅಜ್ಜಿ ಎಂದೆ. ಅಪ್ಪ ಕಾಲು ಹಿಡಿದ. ಅತ್ತೆ ತಲೆ ಹಿಡಿದಳು. ಅಜ್ಜಿ ಚೀಲದಿಂದ ಬೆಳ್ಳಿಯ ಒಳಲೆ ತೆಗೆದರು, ಆ ಮನೆಯ ಮಕ್ಕಳೆಲ್ಲ ಅದರಲ್ಲೇ ಬಜೆ, ಹರಳೆಣ್ಣೆ ಕುಡಿದು ಬೆಳೆದವರಂತೆ. ತಾಯಿ ಮಾತ್ರೆಯನ್ನು ಚಮಚದ ಬೆನ್ನಲ್ಲಿ ಅರೆದು, ನೀರು ಹಾಕಿ, ಒಳಲೆಗೆ ಸುರಿದಳು. ಅಜ್ಜಿ ಮಗುವಿನ ಮೂಗು ಹಿಡಿಯಲು ಕೈ ಚಾಚಿದರು. ಅಲ್ಲಿಗೆ ನಾನು ನಿಲ್ಲಿಸಿದೆ. ಮೂಗು ಹಿಡಿದು, ಅಳುವ ಬಾಯಿಗೆ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಎಣ್ಣೆ ಹೋದರಂತೂ ನ್ಯುಮೋನಿಯಾ ಆಗಿ ಮಗು ಆಸ್ಪತ್ರೆ ಸೇರಬೇಕಾಗುತ್ತದೆ. ಅಜ್ಜಿಯ ಪ್ರೀತಿಯಲ್ಲಿ ಒಂದು ಚೂರೂ ಕಡಿಮೆ ಇರಲಿಲ್ಲ. ಆದರೆ ಒಬ್ಬ ಹುಡುಗನಿಗೆ ನಾಲ್ಕು ಜನ ಸೇರಿ ಮಾತ್ರೆ ಕೊಡಬೇಕು ಅಂದರೆ ತಪ್ಪು ಹುಡುಗನದಲ್ಲ, ಮಾತ್ರೆಯ ರುಚಿಯದು. ಪ್ರೆಡ್ನಿಸೊಲೋನ್ ಅರೆದರೆ ಎಷ್ಟು ಕಹಿ ಅಂತ ನಾಲಿಗೆಗೆ ತಾಗಿಸಿ ನೋಡಿದವರಿಗೆ ಗೊತ್ತು.

ಮುಂದೆ ಕೇಳಿ. ಅದೇ ಹೊತ್ತಿಗೆ ಕೆಳಗಿನ ಮೆಡಿಕಲ್ ಶಾಪ್‌ನವರು ಫೋನ್ ಮಾಡಿದರು. "ಮೇಡಂ, ಹಳೇ ಚೀಟಿ ಹಿಡ್ಕೊಂಡು ಮತ್ತೆ ಅದೇ ಮಾತ್ರೆಗೆ ಹೇಳಿ ಹೋಗಿದ್ದಾರೆ, ಮಗು ಸಣ್ಣದು. ಸಿರಪ್ ಇದೆ, 5 ಎಂಎಲ್‌ಗೆ 15 ಮಿಲಿಗ್ರಾಂ. ನೀವು ಬದಲಾಯಿಸಿ ಬರೀತೀರಾ?" ತಾನಾಗಿ ಬದಲಾಯಿಸಲಿಲ್ಲ, ಸುಮ್ನೆ ಕೊಟ್ಟು ಕಳಿಸಲೂ ಇಲ್ಲ, ಕೇಳಿದರು. ಎಷ್ಟು ದೊಡ್ಡ ಕೆಲಸ ಅದು! ಆ ದ್ರವ ರೂಪದಲ್ಲಿ ಅದೇ ಔಷಧಿಯ ಬೇರೊಂದು ಲವಣ ರೂಪ ಬಳಸಿರುತ್ತಾರೆ, ಕಹಿ ಕಡಿಮೆ. ಹುಡುಗನನ್ನು ತಾಯಿಯ ತೊಡೆಯ ಮೇಲೆ ನೆಟ್ಟಗೆ ಕೂರಿಸಿದೆವು. ನಾಲಿಗೆಗೆ ಮೊದಲು ಒಂದಿಷ್ಟು ಜೋನಿಬೆಲ್ಲ. ಸೂಜಿ ಇಲ್ಲದ ಓರಲ್ ಸಿರಿಂಜ್‌ನಲ್ಲಿ 3.5 ಎಂಎಲ್ ಎಳೆದು, ಕೆನ್ನೆಯ ಒಳಬದಿಗೆ ಇಟ್ಟು, ಹಿಂದಿನ ದಂಡವನ್ನು ಅವನ ಕೈಗೇ ಕೊಟ್ಟೆ. "ನೀನೇ ಒತ್ತು ಪುಟ್ಟ." ಒತ್ತಿದ. ನುಂಗಿದ. ಮತ್ತೆ ಜೋನಿಬೆಲ್ಲ. ಆಮೇಲೆ ಮನೆಯಲ್ಲಿ ಯಾರಾದರೂ ಸಿರಿಂಜ್ ಮುಟ್ಟಿದರೆ ಜಗಳವಂತೆ, ತಾನೇ ಒತ್ತಬೇಕಂತೆ! ಒಂದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೆಲ್ಲ, ಸಕ್ಕರೆ ಬೇಡ. ಜೇನುತುಪ್ಪ ಬೇಡವೇ ಬೇಡ, ಅದರಿಂದ ಬಾಟುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆ ಬರಬಹುದು.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಕಹಿ ಮುಚ್ಚುವುದು ನಿಮ್ಮ ವಿದ್ಯೆಯ ತುಂಬ ಚೆಂದದ ಭಾಗ. ಎಂಜಲಲ್ಲಿ ಕರಗಿದರೆ ತಾನೇ ನಾಲಿಗೆಗೆ ರುಚಿ ಗೊತ್ತಾಗುವುದು? ಹಾಗಾಗಿ ಕರಗದ ಹಾಗೆ ಮಾಡಿಬಿಟ್ಟರು. ಟೈಫಾಯ್ಡ್‌ಗೆ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್ ಭಯಂಕರ ಕಹಿ. ಅದಕ್ಕೆ ಪಾಲ್ಮಿಟಿಕ್ ಆಮ್ಲ ಜೋಡಿಸಿದರೆ ಬಾಯಲ್ಲಿ ರುಚಿಯೇ ಇಲ್ಲ, ಕರುಳಿನ ಕಿಣ್ವಗಳು ಅದನ್ನು ಕತ್ತರಿಸಿ ಔಷಧಿಯನ್ನು ಬಿಡಿಸಿಕೊಡುತ್ತವೆ. ಮೆಟ್ರೊನಿಡಜೋಲ್ ಎಂಬ ಔಷಧಿಯ ಸಿರಪ್ಪಿನಲ್ಲೂ ಇದೇ ಉಪಾಯ, ಅಲ್ಲಿ ಜೋಡಿಸುವುದು ಬೆಂಜೊಯೇಟ್. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್‌ನ ಡ್ರೈ ಸಿರಪ್ಪಿನಲ್ಲಿ, ಅಂದರೆ ನೀರು ಬೆರೆಸಿಕೊಳ್ಳುವ ಪುಡಿಯಲ್ಲಿ, ಕಣಗಳಿಗೇ ಲೇಪ ಹಚ್ಚಿರುತ್ತಾರೆ. ಪಾಪ, ಮನೆಯವರು ಕಿತ್ತಳೆ ಜ್ಯೂಸಿನಲ್ಲಿ ಬೆರೆಸಿ ಕೊಡುತ್ತಾರೆ. ಹುಳಿಗೆ ಲೇಪ ಕರಗಿ ಕಹಿಯೆಲ್ಲ ಹೊರಗೆ ಬರುತ್ತದೆ. ಮಗು ಆಮೇಲೆ ಔಷಧಿಯನ್ನೂ ಬಿಡುತ್ತದೆ, ಕಿತ್ತಳೆಯನ್ನೂ ಬಿಡುತ್ತದೆ. "ಜ್ಯೂಸಲ್ಲಿ ಬೇಡಮ್ಮ, ನೀರಲ್ಲಿ ಕೊಡಿ" ಎಂದು ಕೌಂಟರಿನಲ್ಲಿ ಹೇಳಲು ಎಷ್ಟು ಹೊತ್ತು ಬೇಕು?

ಫ್ಲೇವರ್ ವಿಷಯ ನನ್ನದೊಂದು ತಕರಾರು. ಸ್ಟ್ರಾಬೆರಿ, ರಾಸ್‌ಬೆರಿ, ಚೆರ್ರಿ. ನಮ್ಮ ತಾಲ್ಲೂಕಿನ ಮಕ್ಕಳಲ್ಲಿ ರಾಸ್‌ಬೆರಿ ತಿಂದವರು ಯಾರಿದ್ದಾರೆ, ಕೈ ಎತ್ತಿಸಿ ನೋಡಿ. ಮಾವು, ಬಾಳೆಹಣ್ಣು, ಏಲಕ್ಕಿ ಅವರಿಗೆ ಗೊತ್ತಿರುವ ರುಚಿಗಳು. ಗೊತ್ತಿರುವ ರುಚಿ ಇದ್ದರೆ ಮಗು ಬೇಗ ಒಪ್ಪುತ್ತದೆ. ನಾಳೆ ನೀವು ಕಂಪನಿ ಸೇರಿದಾಗ ಇದನ್ನು ನೆನಪಿಡಿ.

ಆದರೆ ರುಚಿಯ ಹಿಂದೆ ಬಿದ್ದು ಉಳಿದದ್ದನ್ನು ಮರೆತರೆ ಏನಾಗುತ್ತದೆ ಅಂತಲೂ ಹೇಳಬೇಕು. 1937, ಅಮೆರಿಕ. ಸೋಂಕಿಗೆ ಕೊಡುತ್ತಿದ್ದ ಸಲ್ಫನಿಲಮೈಡ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಜನ ದ್ರವ ರೂಪ ಬೇಕು ಎಂದರು. ಕಂಪನಿಯವರು ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕದಲ್ಲಿ ಕರಗಿಸಿ ರಾಸ್‌ಬೆರಿ ರುಚಿ ಸೇರಿಸಿದರು. ಲ್ಯಾಬಿನಲ್ಲಿ ಪರೀಕ್ಷೆಯೂ ಆಯಿತು. ಏನು ಪರೀಕ್ಷೆ? ರುಚಿ, ನೋಟ, ವಾಸನೆ! ವಿಷವೋ ಅಲ್ಲವೋ ಅಂತ ನೋಡಲೇ ಇಲ್ಲ. 100ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳು ಬಹಳ. ಅದಾದಮೇಲೆ, 1938ರಲ್ಲಿ, ಮಾರುವ ಮೊದಲು ಔಷಧಿ ಸುರಕ್ಷಿತ ಅಂತ ತೋರಿಸಬೇಕು ಎಂಬ ಕಾನೂನು ಅಲ್ಲಿ ಬಂತು. ಹಳೇ ಕಥೆ ಅನ್ನಬೇಡಿ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದ ಮಕ್ಕಳು, 2025ರಲ್ಲಿ ನಮ್ಮದೇ ಮಧ್ಯಪ್ರದೇಶದ ಛಿಂದ್ವಾಡಾದ ಮಕ್ಕಳು ಸತ್ತರು, ಅದೇ ರಾಸಾಯನಿಕ, ಸಿಹಿ ಸಿರಪ್ಪಿನಲ್ಲೇ. ಛಿಂದ್ವಾಡಾದ ಆ ತಂದೆತಾಯಿಯರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಮಕ್ಕಳು ನುಂಗಿದ್ದರು, ಹೇಳಿದ ಹಾಗೆಯೇ ನುಂಗಿದ್ದರು. ನುಂಗಿದರೆ ಮಾತ್ರ ಔಷಧಿ ಅಂತ ನಾನು ಹೇಳುತ್ತಾ ಇರುವುದಕ್ಕೆ ಅರ್ಥ ಬರಬೇಕಾದರೆ, ಬಾಟಲಿಯೊಳಗೆ ಇರುವುದು ಔಷಧಿಯೇ ಆಗಿರಬೇಕು. ಸಣ್ಣ ಮಕ್ಕಳ ಕೆಮ್ಮಿಗೆ ಸಿರಪ್ ಕೇಳಿಕೊಂಡು ಯಾರೇ ಬರಲಿ, ಚೀಟಿ ಇಲ್ಲದೆ ದಯವಿಟ್ಟು ಕೊಡಬೇಡಿ.

ಹಾಗೇನೇ, "ಇದು ಚಾಕಲೇಟ್" ಎಂದು ಹೇಳಿ ಔಷಧಿ ಕೊಡಬೇಡಿ ಎಂದೂ ಹೇಳಿ ಕಳಿಸಿ. ನಂಬಿದ ಮಗು ಕಪಾಟು ಹತ್ತಿ ಬಾಟಲಿ ಖಾಲಿ ಮಾಡುತ್ತದೆ.

ಐದೇ ನಿಮಿಷ ಇದೆ ಎಂದು ಚೀಟಿ ಬಂತು. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಸಿರಪ್ಪೇ ಎಲ್ಲದಕ್ಕೂ ಉತ್ತರ ಅಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ಅಮಾಕ್ಸಿಕ್ಲಾವ್ ಎಂಬ ಆಂಟಿಬಯೋಟಿಕ್ ಪುಡಿಯನ್ನು ಕಲಸಿಟ್ಟರೆ ಕೆಡುತ್ತದೆ. ನೀರಲ್ಲಿ ಕರಗುವ ಮಾತ್ರೆ ಇಂಥ ಕಡೆ ವರ. ಮಕ್ಕಳ ಟಿಬಿಗೆ 2015ರ ಡಿಸೆಂಬರ್‌ನಲ್ಲಿ ಅಂಥ ಮಾತ್ರೆ ಬಂತು, ಮೂರು ಔಷಧಿ ಒಂದರಲ್ಲೇ, ಹಣ್ಣಿನ ರುಚಿಯಲ್ಲಿ. ಅದಕ್ಕೆ ಮೊದಲು ದೊಡ್ಡವರ ಮಾತ್ರೆ ಮುರಿದು, ಅರೆದು ಕೊಡುತ್ತಿದ್ದರು. ಎಚ್‌ಐವಿ ಇರುವ ಪುಟ್ಟ ಮಕ್ಕಳಿಗೆ ಲೋಪಿನವಿರ್ ಸಿರಪ್ ಇತ್ತು, ಕಹಿ, ಮೇಲಾಗಿ ಅದರಲ್ಲಿ ಶೇ. 40ಕ್ಕೂ ಜಾಸ್ತಿ ಆಲ್ಕೋಹಾಲ್. ದಿನಾ ಎರಡು ಹೊತ್ತು, ವರ್ಷಗಟ್ಟಲೆ. ಈಗ ಸ್ಟ್ರಾಬೆರಿ ರುಚಿಯ ಡೊಲುಟೆಗ್ರವಿರ್ ಕರಗುವ ಮಾತ್ರೆ ಇದೆ. ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗಿನ 306 ಮಕ್ಕಳಿಗೆ 2 ಮಿಲಿಮೀಟರ್ ಗಾತ್ರದ ಪುಟಾಣಿ ಮಾತ್ರೆ ಕೊಟ್ಟು ನೋಡಿದರು, 2013ರಲ್ಲಿ ವರದಿ ಬಂತು. ಸಿರಪ್ಪಿಗಿಂತ ಮಾತ್ರೆಯನ್ನೇ ಮಕ್ಕಳು ಚೆನ್ನಾಗಿ ನುಂಗಿದ್ದರು!

ಭೇದಿಗೆ ಕೊಡುವ ಜಿಂಕ್, 14 ದಿನ. ಲೋಹದ ರುಚಿ, ಭೇದಿ ನಿಂತ ಕೂಡಲೇ ಮನೆಯವರೂ ಬಿಡುತ್ತಾರೆ. ಬಿಡಬೇಡಿ ಎಂದು ಹೇಳಿ. ಪೂರ್ತಿ ಬಾಟಲಿ ಹಾಲಿಗೆ ಔಷಧಿ ಬೆರೆಸುವುದು ಬೇಡ, ಅರ್ಧ ಕುಡಿದು ಬಿಟ್ಟರೆ ಅರ್ಧ ಡೋಸ್. ಪ್ಯಾರಾಸಿಟಮಾಲ್ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ, ಸಿರಪ್ ಅಂದುಕೊಂಡು 5 ಎಂಎಲ್ ಹಾಕಿದರೆ 500. ಅಡಿಗೆಮನೆ ಚಮಚ ಬೇಡವೇ ಬೇಡ. ರಾತ್ರಿ ಸಿಹಿ ಸಿರಪ್ ಕೊಟ್ಟಮೇಲೆ ಬಾಯಿ ತೊಳೆಸಬೇಕು.

ಮುಗಿಸುತ್ತೇನೆ. ಊಟಕ್ಕೆ ಏಳುವ ಮೊದಲು ಈ ಮೇಜಿನ ಹತ್ತಿರ ಬನ್ನಿ. ಡ್ರೈ ಸಿರಪ್ ಬಾಟಲಿಗಳು, ಕಾಯಿಸಿ ಆರಿಸಿದ ನೀರು, ಸಿರಿಂಜ್‌ಗಳು ಇವೆ. ಮೊದಲು ಪುಡಿ ಸಡಿಲವಾಗುವ ಹಾಗೆ ತಟ್ಟಿ, ಅರ್ಧ ನೀರು ಹಾಕಿ ಅಲ್ಲಾಡಿಸಿ, ನೊರೆ ಇಳಿದಮೇಲೆ ಗೆರೆಯವರೆಗೆ ತುಂಬಿ. ಆಮೇಲೆ 3.5 ಎಂಎಲ್ ಎಳೆದು ನನಗೆ ತೋರಿಸಿ. ಮೆಡಿಕಲ್ ಶಾಪ್‌ನವರು ಮೊದಲು ಬನ್ನಿ, ನಿಮಗೆ ಅಂಗಡಿ ತೆಗೆಯಬೇಕು.