ಮನೆ ನಮ್ದು, ನೆಲ ಮಾತ್ರ ನಮ್ದಲ್ಲ: ಕ್ಯಾಲಿಫೋರ್ನಿಯಾದ ಲಾಕ್ ಅನ್ನೋ ಪುಟ್ಟ ಊರು

(ಮ್ಯಾಪ್: ಸ್ಯಾಕ್ರಮೆಂಟೋ ನದಿ, ನಿಧಾನ ಝೂಮ್)

ಎಲ್ರಿಗೂ ನಮಸ್ಕಾರ. ಸ್ಯಾಕ್ರಮೆಂಟೋ ಸಿಟಿ ಬಿಟ್ಟು ನದಿ ಪಕ್ಕದ ರೋಡ್ ಹಿಡ್ಕೊಂಡು ದಕ್ಷಿಣಕ್ಕೆ ಒಂದು 45 ಕಿಲೋಮೀಟರ್ ಬಂದ್ರೆ ಲಾಕ್ ಸಿಗುತ್ತೆ. ಊರು ಅಂದ್ರೆ ಒಂದು ಮೇನ್ ಸ್ಟ್ರೀಟು, ಬಣ್ಣ ಹೋಗಿರೋ ಮರದ ಬಿಲ್ಡಿಂಗ್‌ಗಳು, ಜನ ನೂರರ ಆಸುಪಾಸು, ಅಷ್ಟೇ. ಮೇಯರ್ ಇಲ್ಲ, ಸಿಟಿ ಕೌನ್ಸಿಲ್ ಇಲ್ಲ. ಇಂಥದ್ದಕ್ಕೆ ಅಮೆರಿಕದಲ್ಲಿ ಅನ್‌ಇನ್‌ಕಾರ್ಪೊರೇಟೆಡ್ ಅಂತಾರೆ, ಅಂದ್ರೆ ಸ್ವಂತ ಪುರಸಭೆ ಇಲ್ಲದ ಊರು, ಪೊಲೀಸು ರೋಡು ಎಲ್ಲಾ ಕೌಂಟಿ (ನಮ್ ಜಿಲ್ಲೆ ಥರ) ತಲೆನೋವು. ಅಂಥ ಊರು ಅಲ್ಲಿ ಬೇಕಾದಷ್ಟಿವೆ. ಆದ್ರೆ ಇಲ್ಲಿ ಮನೆ ಕಟ್ಟಿದವರಿಗೆ ಅದರ ಕೆಳಗಿರೋ ನೆಲ ಕೊಳ್ಳೋ ಹಕ್ಕೇ ಇರ್ಲಿಲ್ಲ, ಅದಕ್ಕೇ ಈ ವಿಡಿಯೋ.

(ಹಳೇ ಫೋಟೋ: ನದಿ ಏರಿ)

ಲಾಕ್ ಇರೋ ಈ ಡೆಲ್ಟಾ, ಅಂದ್ರೆ ನದಿ ಕವಲಾಗೋ ತಗ್ಗು ಪ್ರದೇಶ, ಮೊದ್ಲು ಪೂರ್ತಿ ಜೌಗು. ಅಮೆರಿಕದ ಪೂರ್ವ-ಪಶ್ಚಿಮ ಸೇರಿಸೋ ರೈಲು 1869ರಲ್ಲಿ ಮುಗೀತಲ್ಲ, ಅದಕ್ಕೆ ದುಡಿದಿದ್ದ ಚೀನಾದ ಕೂಲಿಗಳಲ್ಲಿ ಎಷ್ಟೋ ಜನ ಆಮೇಲೆ ಇಲ್ಲಿಗೆ ಬಂದ್ರು, ಸಲಿಕೆ ತಳ್ಳುಗಾಡಿ ಇಟ್ಕೊಂಡು ನದಿಗೆ ಏರಿ ಹಾಕಿದ್ರು, ಜೌಗು ಒಣಗಿ ಗದ್ದೆ ಆಯ್ತು, ಮರಸೇಬು, ಆಸ್ಪ್ಯಾರಗಸ್ ಅನ್ನೋ ತರಕಾರಿ ಬೆಳೆದ್ರು. ನೀರಿಂದ ನೆಲ ಎತ್ತಿ ಕೊಟ್ಟವರು ಅವ್ರು. ಆದ್ರೆ 1913ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂತು: ಅಮೆರಿಕದ ಪೌರತ್ವ ಪಡೆಯೋಕೆ ಅರ್ಹತೆ ಇಲ್ಲದ ವಿದೇಶಿಯರು ಕೃಷಿ ಜಮೀನು ಕೊಳ್ಳೋ ಹಾಗಿಲ್ಲ. ಏಷ್ಯಾದವರು ಅಂತ ನೇರವಾಗಿ ಬರೀಲಿಲ್ಲ ನೋಡಿ, ಬರೆಯೋ ಅಗತ್ಯಾನೂ ಇರ್ಲಿಲ್ಲ, ಯಾಕಂದ್ರೆ ಚೀನಾ ಜಪಾನ್‌ನಿಂದ ಬಂದವರಿಗೆ ಪೌರತ್ವ ಕೊಡ್ತಾನೇ ಇರ್ಲಿಲ್ಲ. 1923ರಲ್ಲಿ ಪಂಜಾಬಿಂದ ಹೋಗಿದ್ದ ಭಗತ್ ಸಿಂಗ್ ಥಿಂಡ್ ಅನ್ನೋರ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರಿಗೂ ಪೌರತ್ವ ಇಲ್ಲ ಅಂದ್ಮೇಲೆ, ಅಲ್ಲಿ ವ್ಯವಸಾಯ ಮಾಡ್ತಿದ್ದ ಪಂಜಾಬಿಗಳೂ ಇದೇ ಬಲೆಗೆ ಬಿದ್ರು.

(ವಾಲ್ನಟ್ ಗ್ರೋವ್ ಮ್ಯಾಪ್)

1915ರಲ್ಲಿ ಪಕ್ಕದ ವಾಲ್ನಟ್ ಗ್ರೋವ್‌ನ ಚೈನಾಟೌನ್‌ಗೆ ಬೆಂಕಿ ಬಿತ್ತು. ಅಲ್ಲಿದ್ದ, ದಕ್ಷಿಣ ಚೀನಾದ ಝಾಂಗ್‌ಶಾನ್ ಕಡೆಯ ವ್ಯಾಪಾರಿಗಳು ನಾವು ಬೇರೆ ಊರೇ ಕಟ್ಕೋತೀವಿ ಅಂತ ಹೊರಟು, ಹತ್ರದಲ್ಲೇ ತೋಟ ಇದ್ದ ಲಾಕ್ ಫ್ಯಾಮಿಲಿನ ಕೇಳಿದ್ರು. ಪತ್ರ ಗಿತ್ರ ಏನಿಲ್ಲ, ಬಾಯಿ ಮಾತಿನ ಒಪ್ಪಂದ: ಮನೆ ನೀವು ಕಟ್ಕೊಳಿ, ನೆಲಕ್ಕೆ ಬಾಡಿಗೆ ಕೊಡಿ. ಆ ನಂಬಿಕೆ ಮೇಲೆ ಇಡೀ ಊರು ಎದ್ದಿತು, ಅಂಗಡಿ, ಊಟದ ಮನೆ, ಜೂಜಿನ ಅಡ್ಡೆ, ಥಿಯೇಟರ್, ಮಕ್ಕಳಿಗೆ ಚೀನೀ ಭಾಷೆ ಕಲಿಸೋ ಸ್ಕೂಲು. ತೋಟದ ಸೀಸನ್‌ನಲ್ಲಿ ಕೂಲಿಯವರು ಬಂದು ಊರು ಗಿಜಿಗುಡ್ತಿತ್ತು.

ಬಿಲ್ಡಿಂಗ್‌ಗಳದ್ದೊಂದು ಮಜಾ ಇದೆ. ನದಿ ರೋಡ್ ಏರಿ ಮೇಲಿದೆ, ಮೇನ್ ಸ್ಟ್ರೀಟ್ ಕೆಳಗಿದೆ, ಹಾಗಾಗಿ ಅಂಚಿನ ಕೆಲವು ಬಿಲ್ಡಿಂಗ್‌ಗೆ ರೋಡ್ ಕಡೆಯಿಂದ ಕಾಲಿಟ್ರೆ ಸೀದಾ ಮೇಲಿನ ಮಹಡಿ, ಹಿಂದಿನ ಬೀದಿಯಿಂದ ಬಂದ್ರೆ ಕೆಳಗಿನ ಮಹಡಿ.

(ಡೈ ಲಾಯ್ ಒಳಗಿನ ಫೋಟೋಗಳು)

ಡೈ ಲಾಯ್ ಅನ್ನೋ ಜೂಜಿನ ಮನೆ 1951ರ ತನಕ ನಡೀತು, ಆಮೇಲೆ ಸರ್ಕಾರ ಮುಚ್ಚಿಸ್ತು, ಈಗ ಅದು ಮ್ಯೂಸಿಯಂ. 1990ರಲ್ಲಿ ಊರಿಗೆ ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್, ಅಂದ್ರೆ ರಾಷ್ಟ್ರೀಯ ಐತಿಹಾಸಿಕ ತಾಣ ಅನ್ನೋ ಪಟ್ಟವೂ ಸಿಕ್ತು. ಪಟ್ಟ ಸಿಕ್ತು, ನೆಲ ಸಿಗ್ಲಿಲ್ಲ.

ಹಾಗಂತ ಕಾನೂನು ಅಲ್ಲೇ ಕೂತಿರ್ಲಿಲ್ಲ. 1943ರಲ್ಲಿ ಚೀನೀಯರಿಗೆ ಪೌರತ್ವದ ಬಾಗಿಲು ತೆರೀತು, 1952ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಆ ಜಮೀನು ಕಾನೂನನ್ನೇ ತಳ್ಳಿಹಾಕ್ತು. ಆದ್ರೂ ಇಡೀ ಊರ ನೆಲ ಒಬ್ಬರ ಕೈಯಲ್ಲೇ ಇತ್ತು, ಸೈಟ್ ಸೈಟ್ ಆಗಿ ಒಡೆದಿರ್ಲಿಲ್ಲ. 1977ರಲ್ಲಿ ಅದು ಒಟ್ಟಿಗೇ ಹಾಂಗ್‌ಕಾಂಗ್ ಕಡೆಯ ಡೆವಲಪರ್ ಪಾಲಾಯ್ತು, ಮನೆಯವರು ಮಾತ್ರ ಬಾಡಿಗೆ ಕಟ್ತಾನೇ ಇದ್ರು. ಕೊನೆಗೆ ಸ್ಯಾಕ್ರಮೆಂಟೋದ ಹೌಸಿಂಗ್ ಏಜೆನ್ಸಿ ನೆಲ ಕೊಂಡು, ಸೈಟ್ ಮಾಡಿ, 2004ರಲ್ಲಿ ಮನೆಯವರಿಗೆ ಮಾರೋಕೆ ಶುರು ಮಾಡ್ತು. ಬೆಂಕಿ ಬಿದ್ದು 89 ವರ್ಷ ಆಗಿತ್ತು! ಅಷ್ಟೊತ್ತಿಗೆ ಕಟ್ಟಿದವರು ಹೋಗಿಬಿಟ್ಟಿದ್ರು, ಮಕ್ಕಳು ಮೊಮ್ಮಕ್ಕಳು ಓದು ಕೆಲ್ಸ ಅಂತ ಬೇರೆ ಕಡೆ ಸೆಟ್ಲ್ ಆಗಿದ್ರು, ಊರಲ್ಲಿ ಚೀನೀ ಮನೆತನಗಳು ಬೆರಳೆಣಿಕೆಯಷ್ಟೇ. ಹಾಗಾಗಿ ಸೈಟಿನ ಪತ್ರ ಕೈಗೆ ಬಂದಿದ್ದು ಹೆಚ್ಚಾಗಿ ಆಮೇಲೆ ಬಂದು ಮನೆ ಕೊಂಡವರಿಗೆ.