ಬಾಲದ ಫೋಟೋ ನನಗೆ ಬೇಡ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮಾತು.

ಡಿಸೆಂಬರ್ ಬಂದರೆ ಉಡುಪಿ ಕಡೆ ಕ್ಯಾಮೆರಾ ಇರುವವರೆಲ್ಲ ಕೋಡಿಬೆಂಗ್ರೆಗೆ ಹೊರಡುತ್ತಾರೆ. ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಅಳಿವೆ ಅದು. ಹೊಯಿಗೆ ದಿಬ್ಬದ ಮೇಲೆ ಕಡಲಕ್ಕಿ (ಗಲ್), ಟರ್ನ್, ಪ್ಲೋವರ್ ಹಕ್ಕಿಗಳೆಲ್ಲ ಗುಂಪಾಗಿ ಕೂತಿರುತ್ತವೆ. ಆಗ ಒಬ್ಬರು ದೊಡ್ಡ ಲೆನ್ಸ್ ಹಿಡಿದು, ಜೊತೆಗಿರುವ ಹುಡುಗನಿಗೆ ಹೇಳುತ್ತಾರೆ: "ಓಡು ಮಾರಾಯ, ಒಮ್ಮೆ ಎಬ್ಬಿಸು!" ಗುಂಪು ಏಳುತ್ತದೆ, ಶಟರ್ ಟರ್ರ್ ಅನ್ನುತ್ತದೆ.

ಆ ಹಕ್ಕಿಗಳು ಸುಮ್ನೆ ಕೂತಿರುವುದಲ್ಲ. ನೀರು ಇಳಿದಾಗ ಪ್ಲೋವರ್‌ನಂಥವು ಕೆಸರಲ್ಲಿ ಹುಳ ಹೆಕ್ಕುತ್ತವೆ. ಉಬ್ಬರ ಬಂದರೆ ಆ ಕೆಸರು ಮುಳುಗುತ್ತದೆ. ಮತ್ತೆ ನೀರು ಇಳಿಯುವವರೆಗೆ ಒಂಟಿ ಕಾಲಲ್ಲಿ ನಿಂತು ವಿಶ್ರಾಂತಿ. ಟಿಬೆಟ್, ಮಧ್ಯ ಏಷ್ಯಾದ ಕಡೆಯಿಂದ ಬಂದ ಪ್ಲೋವರ್‌ಗಳು ಬೇಸಿಗೆಯ ಹೊತ್ತಿಗೆ ಅಷ್ಟೇ ದೂರ ವಾಪಸ್ ಹಾರಬೇಕು. ಅದಕ್ಕೆ ಮೈಯಲ್ಲಿ ಕೊಬ್ಬು ಸೇರಬೇಕು. ಬಂದವರೆಲ್ಲ ಒಮ್ಮೊಮ್ಮೆ ಎಬ್ಬಿಸಿದರೆ ತಿಂದದ್ದೆಲ್ಲ ಅಲ್ಲೇ ಖರ್ಚು. ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಬೆಳಿಗ್ಗೆ ಮಲಗಿದವನ ಕಂಬಳಿಯನ್ನು ಗಂಟೆಗೊಮ್ಮೆ ಎಳೆದ ಹಾಗೆ.

"ಹಾಗಾದರೆ ಹಾರುವ ಫೋಟೋ ಬೇಡವಾ?" ಅಂತ ಕೇಳುತ್ತೀರಿ. ಬೇಕು, ನನಗೂ ಆಸೆ ಇದೆ. ಆದರೆ ಎಬ್ಬಿಸಿದ ಹಕ್ಕಿ ನಿಮ್ಮಿಂದ ದೂರ ಹಾರುತ್ತದೆ, ಅಲ್ವಾ? ಆ ಫೋಟೋಗಳನ್ನು ತೆಗೆದು ನೋಡಿ. ಬರೀ ಬೆನ್ನು, ಬರೀ ಬಾಲ.

ನಮ್ಮ ಕಡಲು ಪಶ್ಚಿಮಕ್ಕಿದೆ. ಕಡಲಿಗೆ ಮುಖ ಮಾಡಿದರೆ ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನ ಹಿಂದೆ. ಚಳಿಗಾಲದ ಬೆಳಿಗ್ಗೆ ಗಾಳಿ ಹೆಚ್ಚಾಗಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ. ಹಕ್ಕಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ, ಏಳುವಾಗಲೂ ಗಾಳಿಗೆ ಎದುರಾಗಿಯೇ ಏಳುತ್ತದೆ. ಅಂದರೆ ಮುಖ ನಿಮ್ಮ ಕಡೆಗೆ, ಬೆಳಕು ಅದರ ಮುಖದ ಮೇಲೆ! ಕಂದು ತಲೆಯ ಕಡಲಕ್ಕಿಯ ಕೆಂಪು ಕೊಕ್ಕು, ಅದರ ಕಪ್ಪು ತುದಿ, ಕಣ್ಣ ಹಿಂದಿನ ಕಪ್ಪು ಚುಕ್ಕೆ, ಎಲ್ಲ ಸ್ಪಷ್ಟ. ಚಳಿಗಾಲದಲ್ಲಿ ಅದರ ತಲೆ ಬಿಳಿ, ಗಲಿಬಿಲಿ ಆಗಬೇಡಿ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಶುರುವಾಗಿ ಲೆಕ್ಕವೆಲ್ಲ ಉಲ್ಟಾ. ಮತ್ತೆ ಆ ಸೆಖೆಯಲ್ಲಿ ಎಂತ ಮಾಡುವುದು? ನಮ್ಮೂರ ಚಳಿಗಾಲ ಬೆಳಿಗ್ಗೆ ಎಂಟು ಗಂಟೆಯವರೆಗೆ ಮಾತ್ರ.

ಹಾಗಾಗಿ ಹೊಸ ಲೆನ್ಸ್‌ಗಿಂತ ಮೊದಲು ಉಬ್ಬರ–ಇಳಿತದ ಸಮಯ ನೋಡಿ. ಬೆಳಿಗ್ಗೆ ನೀರು ಇಳಿಯಲು ಶುರುವಾಗುವ ದಿನ ಹೋಗಿ. ಹೊಯಿಗೆಯಲ್ಲಿ ಮೊಣಕೈ ಊರಿ ಮಲಗಿ. ಶಟರ್ ವೇಗ 1/2000 ಸೆಕೆಂಡಿಗೆ ಇಡಿ. ಬಿಳಿ ಹಕ್ಕಿ, ಬೆಳಗಿದ ಹೊಯಿಗೆ ಸೇರಿದರೆ ಕ್ಯಾಮೆರಾ ಫೋಟೋವನ್ನು ಕಪ್ಪಾಗಿಸುತ್ತದೆ, ಎಕ್ಸ್‌ಪೋಷರ್ ಸ್ವಲ್ಪ ಏರಿಸಿ. ನೀರು ಇಳಿದಾಗ ಅವು ಮೇಯಲು ಹೊರಡುತ್ತವೆ. ಗರುಡ ತಲೆ ಮೇಲೆ ಹಾದರೂ ಏಳುತ್ತವೆ. ಯಾರೂ ಓಡಬೇಕಾಗಿಲ್ಲ.

ಓಡಿಸಿ ತೆಗೆದ ಫೋಟೋ ನನಗೆ ಕಳಿಸಿದರೆ ಲೈಕ್ ಸಿಗುವುದಿಲ್ಲ. ಬಾಲ ನೋಡಿದರೆ ಗೊತ್ತಾಗುತ್ತದೆ.